ಹಚ್ಚಿದ ಹರಳುಗಳು ಎದ್ದು ಬರುತ್ತಿವೆ, ಯಾರಾದರೂ ದಾರಿ ಹೇಳಿ

ಹೊಸಕೈ: ಡೈಮಂಡ್ ಪೇಂಟಿಂಗ್, ಅಂದರೆ ಅಂಟಿರುವ ಕ್ಯಾನ್ವಾಸಿನ ಗುರುತುಗಳ ಮೇಲೆ ಬಣ್ಣದ ಪುಟ್ಟ ಹರಳುಗಳನ್ನು ಹಚ್ಚಿ ಚಿತ್ರ ಮಾಡುವುದು, ನನಗೆ ಹೊಸದು, ಇದು ಮೊದಲ ಕಿಟ್. ಸಂಜೆ ಕಣ್ಣು ನೋಯುವವರೆಗೆ ಕುಳಿತು ಹಚ್ಚಿದ ಹರಳುಗಳು ಮರುದಿನ ನೋಡಿದರೆ ಎದ್ದು ನಿಂತಿರುತ್ತವೆ, ಕೆಲವು ಉದುರಿಯೇ ಹೋಗಿರುತ್ತವೆ. ಮತ್ತೆ ಹಚ್ಚಿದರೆ ಮತ್ತೆ ಅದೇ ಕಥೆ. ಹರಳು ಎತ್ತುವ ಪೆನ್ನಿಗೆ ಮೇಣ ಸರಿಯಾಗಿ ತುಂಬಿದ್ದೇನೆ, ಸೂಚನೆಗಳನ್ನೆಲ್ಲ ಪಾಲಿಸಿದ್ದೇನೆ. ಕಿಟ್ಟೇ ಕೆಟ್ಟದ್ದೇ? ಎಸೆದುಬಿಡಲೇ?

ಚೌಕಪ್ರಿಯೆ: ಎಸೆಯಬೇಡಿ. ಹರಳು ದುಂಡೋ ಚೌಕವೋ? ಅಳತೆ ಎಷ್ಟು? ಅಂಟು ಸುರಿದದ್ದೋ, ಎರಡು ಬದಿಯ ಟೇಪೋ? ಇಷ್ಟೂ ತಿಳಿಯದೆ ಹೇಳುವುದು ಕಷ್ಟ.

ಅಂಟುಗಾರ: ಕೇಳುವುದೇನಿದೆ, ಅಂಟು ಒಣಗಿದೆ. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಒಮ್ಮೆಗೇ ಪೂರ್ತಿ ಕಿತ್ತಿರುತ್ತೀರಿ. ಧೂಳು ಕುಳಿತರೆ ಅಂಟಿನ ಕಥೆ ಮುಗಿಯಿತು. ಅಂಗೈಯಷ್ಟು ಜಾಗವನ್ನು ಮಾತ್ರ ತೆರೆದು ಕೆಲಸ ಮಾಡಬೇಕು.

ಹೊಸಕೈ: ಪೂರ್ತಿ ಕಿತ್ತಿಲ್ಲ. ಚೌಕ ಹರಳು, 40×50 ಸೆಂ.ಮೀ. ಅಂಟು ಯಾವುದೆಂದು ಹೇಗೆ ತಿಳಿಯುವುದು?

ಚೌಕಪ್ರಿಯೆ: ಹಾಳೆ ಎತ್ತಿ ಓರೆ ಬೆಳಕಿನಲ್ಲಿ ನೋಡಿ. ಟೇಪಾದರೆ ಗಾಳಿ ಸಿಕ್ಕಿಕೊಂಡ ಬಿಳಿ ಗೆರೆಗಳು ಕಾಣುತ್ತವೆ. ಅವುಗಳ ಮೇಲೆ ಹರಳು ಗಟ್ಟಿಯಾಗಿ ಕೂರುವುದಿಲ್ಲ, ಸೂಜಿಯಿಂದ ಚುಚ್ಚಿ ಗಾಳಿ ಬಿಡಿಸಿ ಒತ್ತಬೇಕು. ಸುರಿದ ಅಂಟು ಉದ್ದಕ್ಕೂ ಒಂದೇ ಸಮನಾಗಿ ಇರುತ್ತದೆ. ಇನ್ನೊಂದು ಮಾತು, ಚೌಕ ಹರಳು 2.5 ಮಿ.ಮೀ., ಸೆಂಟಿಮೀಟರಿಗೆ ನಾಲ್ಕು. ನಿಮ್ಮ ಚಿತ್ರ ಪೂರ್ತಿ ತುಂಬುವಂಥದ್ದಾದರೆ 32,000 ಹರಳುಗಳು. ಸಾಲು ಸ್ವಲ್ಪ ವಾರೆಯಾದರೂ ಮುಂದಿನದಕ್ಕೆ ಜಾಗ ಸಾಲದೆ ಪಕ್ಕದ್ದನ್ನು ನೂಕುತ್ತದೆ. ಉಕ್ಕಿನ ಅಳತೆಪಟ್ಟಿಯ ಅಂಚಿನಿಂದ ಸಾಲನ್ನು ನೇರ ಮಾಡುತ್ತಿರಿ. ಹರಳು ಎದ್ದ ಜಾಗವನ್ನು ಬೆರಳಿನಿಂದ ಮುಟ್ಟಿ, ಅಂಟುತ್ತದೆಯೇ?

ದುಂಡುಮಣಿ: ಹೊಸಬರಿಗೆ ಚೌಕ ಹರಳನ್ನು ಯಾರು ಕೊಡಿಸುತ್ತಾರೋ! ದುಂಡು ಹರಳು 2.8 ಮಿ.ಮೀ., ಸುತ್ತಲೂ ಸಂದು ಉಳಿಯುತ್ತದೆ, ಒಂದನ್ನೊಂದು ನೂಕುವುದಿಲ್ಲ. ನಾನು ಕಲಿಸುವವರಿಗೆಲ್ಲ ಅದನ್ನೇ ಹೇಳುತ್ತೇನೆ.

ಚೌಕಪ್ರಿಯೆ: ಆ ಸಂದಿನಿಂದ ಕ್ಯಾನ್ವಾಸ್ ಇಣುಕುತ್ತದೆ. ಮುಖದ ಚಿತ್ರಗಳಲ್ಲಿ ಕಣ್ಣು ಮೂಗು ಮಸುಕಾಗುತ್ತವೆ. ಅದೂ ಅಲ್ಲದೆ, ಅವರು ಕೇಳಿದ್ದು ಅದನ್ನಲ್ಲ.

ದುಂಡುಮಣಿ: ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಯಾವ ಮಸುಕೂ ಇರುವುದಿಲ್ಲ.

ಹೊಸಕೈ: ಬಿಳಿ ಗೆರೆಗಳಿಲ್ಲ. ಅಂಟು ಬೆರಳನ್ನು ಹಿಡಿದೆಳೆಯುತ್ತದೆ. ಹರಳುಗಳು ಎಲ್ಲೆಂದರಲ್ಲಿ ಏಳುತ್ತಿಲ್ಲ, ಈ ಬದಿಯಿಂದ ಆ ಬದಿಯವರೆಗೆ ಅಡ್ಡಪಟ್ಟಿಗಳಾಗಿ ಏಳುತ್ತಿವೆ. ಪಟ್ಟಿಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ.

ಅಂಟುಗಾರ: ಹಾಗಾದರೆ ತಯಾರಿಸುವಾಗಲೇ ಅಂಟು ಅಲ್ಲಲ್ಲಿ ತೆಳುವಾಗಿದೆ. ಹರಳುಗಳ ಮೇಲೆ ಸೀಲರ್ (ಒಣಗಿ ಗಟ್ಟಿಯಾಗುವ ಲೇಪ) ಬಳಿಯಿರಿ, ಎಲ್ಲವೂ ನಿಲ್ಲುತ್ತದೆ.

ಮೇಣದಪೆನ್: ಬೆರಳನ್ನು ಹಿಡಿದೆಳೆಯುವ ಅಂಟನ್ನು ತೆಳು ಎನ್ನುವುದು ಹೇಗೆ? ಹೊಸಕೈ ಅವರೇ, ಕೆಲಸ ನಿಲ್ಲಿಸಿದ ಮೇಲೆ ಕ್ಯಾನ್ವಾಸನ್ನು ಹೇಗೆ ಇಡುತ್ತೀರಿ?

ಹೊಸಕೈ: ಕೊಳವೆಯಲ್ಲಿ ಬಂದಿತ್ತು, ಹಾಗೆಯೇ ಸುತ್ತಿ ಒಳಗೆ ಹಾಕುತ್ತೇನೆ. ಉಜ್ಜಿ ಹೋಗಬಾರದೆಂದು ಹರಳಿನ ಮುಖ ಒಳಗಡೆಗೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮೇಣದಪೆನ್: ಪೂರ್ತಿ ಸಂಬಂಧವಿದೆ. ಹರಳಿನ ಮುಖ ಒಳಗಾಗಿ ಸುತ್ತಿದಾಗ ಆ ಮೇಲ್ಮೈ ಕುಗ್ಗುತ್ತದೆ. ಚೌಕಗಳ ನಡುವೆ ಮೊದಲೇ ಸಂದಿಲ್ಲ, ಆದ್ದರಿಂದ ಅಂಚಿಗೆ ಅಂಚು ಒತ್ತಿ, ಇಕ್ಕಟ್ಟಾಗಿ ಕುಳಿತ ಸಾಲು ಮೇಲಕ್ಕೇಳುತ್ತದೆ. ಅಡ್ಡಪಟ್ಟಿಗಳು ಕಾಣುವುದು ಅದಕ್ಕೇ. ಇಂದಿನಿಂದ ಚಪ್ಪಟೆಯಾಗಿಯೇ ಇಡಿ. ಜಾಗವಿಲ್ಲದಿದ್ದರೆ ಹರಳಿನ ಮುಖ ಹೊರಗಿರುವಂತೆ, ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಿ. ಎದ್ದ ಸಾಲಿನಲ್ಲಿ ಒಂದೆರಡನ್ನು ಚಿಮುಟದಿಂದ ತೆಗೆದು, ಉಳಿದವನ್ನು ನೇರ ಮಾಡಿ, ತೆಗೆದವನ್ನು ಮತ್ತೆ ಕೂರಿಸಿ, ಮೇಲೆ ಹಾಳೆ ಹೊದಿಸಿ ರೋಲರ್ ಉರುಳಿಸಿ. ಸೀಲರ್ ಈಗ ಖಂಡಿತ ಬೇಡ, ಎದ್ದವು ಎದ್ದಂತೆಯೇ ಗಟ್ಟಿಯಾಗಿಬಿಡುತ್ತವೆ.

ಅಂಟುಗಾರ: ಒಳ್ಳೆಯ ಅಂಟಾದರೆ ಹೇಗೆ ಸುತ್ತಿದರೂ ಹಿಡಿದಿರಬೇಕು. ನನ್ನ ಮಾತು ಅದೇ.

ದೀಪದಹಲಗೆ: ಚಪ್ಪಟೆಯಾಗಿ ಇಡುವುದೇ ಸರಿ. ನಾನು ಓರೆ ಮೇಜಿನ ಮೇಲೆ ಬೆಳಕಿನ ಹಲಗೆ ಇಟ್ಟು, ಅದರ ಮೇಲೆ ಕ್ಯಾನ್ವಾಸನ್ನು ಕ್ಲಿಪ್ ಹಾಕಿ ಹಾಗೆಯೇ ಬಿಡುತ್ತೇನೆ. ಕಡು ಬಣ್ಣಗಳ ಮೇಲಿನ ಗುರುತುಗಳೂ ಸ್ಪಷ್ಟವಾಗಿ ಕಾಣುತ್ತವೆ. ಹರಳುಗಳೆಲ್ಲ ಡಿಎಂಸಿ ಸಂಖ್ಯೆ (ಕಸೂತಿ ದಾರದ ಕಂಪನಿಯೊಂದರ ಬಣ್ಣದ ಸಂಖ್ಯೆ) ಬರೆದ ಶೀಶೆಗಳಲ್ಲಿ, ಸಾಲಾಗಿ. ಕಪ್ಪು ಅಂದರೆ 310 ಬೇಗ ಮುಗಿಯುತ್ತದೆ, ಅದಕ್ಕೆ ಮಾತ್ರ ದೊಡ್ಡ ಡಬ್ಬಿ.

ದುಂಡುಮಣಿ: ಆಹಾ! ಶೀಶೆಗಳ ಮುಚ್ಚಳ ತಿರುಗಿಸುವಂಥದ್ದೋ, ಒತ್ತುವಂಥದ್ದೋ?

ಹೊಸಕೈ: ಎದ್ದ ಸಾಲುಗಳನ್ನು ಬಿಡಿಸಿ ಕೂರಿಸಿದೆ, ಚಪ್ಪಟೆಯಾಗಿ ಇಟ್ಟ ಮೇಲೆ ಅವು ಅಲುಗಿಲ್ಲ. ಮೇಣದಪೆನ್ ಅವರಿಗೆ ತುಂಬಾ ಧನ್ಯವಾದಗಳು. ಆದರೆ ಕೆಳಗಿನ ಒಂದು ಮೂಲೆ ಇನ್ನೂ ಸುರುಳಿಯಾಗಿ ಮೇಲೇಳುತ್ತದೆ, ಪುಸ್ತಕಗಳ ಭಾರ ಹೇರಿದರೂ ಬಗ್ಗುತ್ತಿಲ್ಲ. ಅಲ್ಲಿ ಇನ್ನೂ ಹರಳು ಹಚ್ಚಿಲ್ಲ. ಹಿಂದಿನಿಂದ ಇಸ್ತ್ರಿ ಮಾಡಬಹುದೇ?

ದೀಪದಹಲಗೆ: ತಿರುಗಿಸುವ ಮುಚ್ಚಳವೇ ಒಳ್ಳೆಯದು. ಒತ್ತುವಂಥದ್ದು ತೆರೆಯುವಾಗ ಚಿಮ್ಮಿ ಹರಳೆಲ್ಲ ಚೆಲ್ಲುತ್ತದೆ.

ದುಂಡುಮಣಿ: ನಿಮ್ಮ ಮೇಜಿನ ಚಿತ್ರವೊಂದನ್ನು ಹಾಕಿ, ನಾನೂ ಹಾಗೆಯೇ ಜೋಡಿಸಿಕೊಳ್ಳುತ್ತೇನೆ.