ಲೂವಿಯನ್ ‘ಅಸುವ’ ನಮ್ಮ ‘ಅಶ್ವ’ವೇನಾ?

ಮೊನ್ನೆ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಕಪ್ಪು ಕಲ್ಲಿನ ಮೇಲೆ ಸಾಲುಸಾಲು ಚಿತ್ರಾಕ್ಷರ. ಟರ್ಕಿಯಲ್ಲಿ ಸಿಕ್ಕ 2700 ವರ್ಷ ಹಳೆಯ ಬರಹ, ಅದರಲ್ಲಿ ಕುದುರೆಗೆ ‘ಅಸುವ’ ಎಂದಿದೆ, ಹಾಗಾಗಿ ಅಲ್ಲಿನವರು ಸಂಸ್ಕೃತ ಆಡುತ್ತಿದ್ದರು ಅಂತ ಕೆಳಗೆ ಬರೆದಿತ್ತು. ಕಲ್ಲು ನಿಜ. ಪದವೂ ಹೆಚ್ಚುಕಡಿಮೆ ನಿಜ. ‘ಹಾಗಾಗಿ’ ಅನ್ನುವುದರ ಮುಂದಿನ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಹಾಗಂತ ಸುಮ್ನೆ ‘ಸುಳ್ಳು’ ಅಂದುಬಿಡಲೂ ಮನಸ್ಸಾಗಲಿಲ್ಲ, ಏಕೆಂದರೆ ಆ ಪದದ ಹಿಂದೆ ಇರುವ ಕತೆ ನಿಜಕ್ಕೂ ಚೆನ್ನಾಗಿದೆ.

ಮೊದಲು ಆ ಕಲ್ಲಿನ ವಿಷಯ. ಟರ್ಕಿಯ ದಕ್ಷಿಣದಲ್ಲಿ ಜೆಹಾನ್ ನದಿಯ ದಂಡೆಯ ಮೇಲೆ ಕರಾತೆಪೆ ಎಂಬ ಗುಡ್ಡ ಇದೆ. ಅಲ್ಲಿನ ಕೋಟೆ ಬಾಗಿಲಿನಲ್ಲಿ ಒಂದೇ ವಿಷಯವನ್ನು ಎರಡು ಭಾಷೆಗಳಲ್ಲಿ ಕೆತ್ತಿದ್ದಾರೆ, ಒಂದು ಫಿನೀಷಿಯನ್ (ಈಗಿನ ಲೆಬನಾನ್ ಕರಾವಳಿಯವರ ಹಳೆಯ ಭಾಷೆ), ಇನ್ನೊಂದು ಲೂವಿಯನ್ (ಈಗಿನ ಟರ್ಕಿಯಲ್ಲಿ ಹಿಂದೆ ಆಡುತ್ತಿದ್ದ ಭಾಷೆ). 1946ರಲ್ಲಿ ಪುರಾತತ್ವಜ್ಞರಾದ ಹೆಲ್ಮುಟ್ ಬೊಸ್ಸರ್ಟ್ ಮತ್ತು ಹಾಲೆತ್ ಚಂಬೆಲ್ ಅಲ್ಲಿಗೆ ಹೋದ ಮೇಲೆ ಈ ಬರಹ ವಿದ್ವಾಂಸರ ಕೈಗೆ ಸಿಕ್ಕಿತು. ಫಿನೀಷಿಯನ್ ಓದಲು ಮೊದಲೇ ಬರುತ್ತಿದ್ದುದರಿಂದ ಲೂವಿಯನ್ ಚಿತ್ರಾಕ್ಷರಗಳ ಬೀಗ ತೆಗೆಯಲು ಅದೇ ಕೀಲಿಕೈ ಆಯಿತು. ಬರೆಸಿದವನು ಅಜತಿವದ ಎಂಬ ಒಡೆಯ. ತಾನು ಏನೇನು ಮಾಡಿದೆ ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಅದರಲ್ಲಿ ಒಂದು ಮಾತು: ಕುದುರೆಯ ಮೇಲೆ ಕುದುರೆ ಸೇರಿಸಿದೆ, ದಂಡಿನ ಮೇಲೆ ದಂಡು ಸೇರಿಸಿದೆ. ನಾವು ‘ಮನೆ ಮೇಲೆ ಮನೆ ಕಟ್ಟಿಸಿದ’ ಅನ್ನುತ್ತೇವಲ್ಲ, ಹಾಗೆಯೇ. ಅಲ್ಲಿ ಮೊದಲು ಕುದುರೆ ತಲೆಯ ಚಿಹ್ನೆ ಬರುತ್ತದೆ, ಅದರ ಬೆನ್ನಿಗೇ ಉಚ್ಚಾರ ತಿಳಿಸುವ ಅಕ್ಷರಗಳು. ಆ ಅಕ್ಷರಗಳು ಇಲ್ಲದಿದ್ದರೆ ಪದ ಹೇಗೆ ಕೇಳಿಸುತ್ತಿತ್ತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಲೂವಿಯನ್ನಿನ ನೆಂಟನಾದ, ಅಲ್ಲೇ ಪಕ್ಕದಲ್ಲಿ ಆಡುತ್ತಿದ್ದ ಹಿಟ್ಟೈಟ್ ಭಾಷೆಯಲ್ಲಿ ಇದೇ ಕಷ್ಟ ಇದೆ, ಅವರು ಕುದುರೆಗೆ ಸುಮೇರಿಯನ್ ಚಿಹ್ನೆಯನ್ನೇ ಹಾಕುತ್ತಿದ್ದರು (ಆ ಚಿಹ್ನೆಗಳನ್ನು ಬಿಡಿಸಿದರೆ ‘ಬೆಟ್ಟದ ಕತ್ತೆ’ ಎಂದಾಗುತ್ತದೆ!). ನಾವು 7 ಎಂದು ಬರೆದು ‘ಏಳು’ ಎಂದು ಓದುವ ಹಾಗೆ.

ಹಳೆಯ ಪುಸ್ತಕಗಳಲ್ಲಿ ಲೂವಿಯನ್ ಪದವನ್ನು ‘ಅಸುವ’ ಎಂದೇ ಓದಿದ್ದಾರೆ. ನಮ್ಮ ಗುಂಪಿಗೆ ಬಂದದ್ದೂ ಅದೇ ಓದು. ಈಗಿನ ಓದಿನಲ್ಲಿ ನಡುವಿನ ಅಕ್ಷರ ‘ಸ’ ಅಲ್ಲ, ‘ತ್ಸ’. ಅಂದರೆ ಪದ ‘ಅತ್ಸುವ’. ಸಣ್ಣ ವ್ಯತ್ಯಾಸ ಅನ್ನಿಸಬಹುದು, ಆದರೆ ಇಡೀ ಚರ್ಚೆ ನಿಂತಿರುವುದೇ ಅದರ ಮೇಲೆ.

ಸರಿ, ಸಂಸ್ಕೃತಕ್ಕೆ ಹತ್ತಿರದ ಭಾಷೆಯಿಂದ ಈ ಪದ ಅಲ್ಲಿಗೆ ಹೋಗಿರಬಹುದಾ? ಇದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಈಗಿನ ಸಿರಿಯಾದ ಉತ್ತರ ಭಾಗದಲ್ಲಿ ಮಿತ್ತನಿ ಎಂಬ ರಾಜ್ಯ ಇತ್ತು. ಕ್ರಿ.ಪೂ. 14ನೇ ಶತಮಾನದಲ್ಲಿ ಅವರು ಹಿಟ್ಟೈಟರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರು ಇದೆ. ಅಲ್ಲಿನ ಕಿಕ್ಕುಲಿ ಎಂಬ ಕುದುರೆ ತರಬೇತುದಾರನ ಕೈಪಿಡಿ ಹಿಟ್ಟೈಟರ ರಾಜಧಾನಿ ಹತ್ತುಷದಲ್ಲಿ ಸಿಕ್ಕಿದೆ. ಅದರಲ್ಲಿ ‘ಐಕ ವರ್ತನ್ನ’, ‘ತೇರ ವರ್ತನ್ನ’, ‘ಪಂಜ ವರ್ತನ್ನ’, ‘ಸತ್ತ ವರ್ತನ್ನ’ ಎಂದೆಲ್ಲ ಇದೆ, ಒಂದು ಸುತ್ತು, ಮೂರು ಸುತ್ತು, ಐದು, ಏಳು. ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತ್ತು. ಹಾಗಾಗಿ ಕುದುರೆಯ ಜೊತೆ ಅದರ ಹೆಸರೂ ಮಿತ್ತನಿಯಿಂದ ಲೂವಿಯನ್ನರ ನಾಲಿಗೆಗೆ ಬಂತು ಎಂದು ಕೆಲವರು ವಾದಿಸಿದ್ದು ಸಹಜವೇ. ಆದರೆ ಕಿಕ್ಕುಲಿ ತನ್ನನ್ನು ಕರೆದುಕೊಳ್ಳುವ ಪದ ‘ಅಸ್ಸುಸ್ಸನ್ನಿ’, ಅಂದರೆ ಕುದುರೆ ತರಬೇತುದಾರ. ಅದರಲ್ಲಿರುವುದು ‘ಸ್ಸ’. ಅಲ್ಲಿಂದ ತಂದಿದ್ದರೆ ಲೂವಿಯನ್ ಪದದಲ್ಲೂ ‘ಸ’ವೇ ಇರಬೇಕಿತ್ತು, ‘ತ್ಸ’ ಎಲ್ಲಿಂದ ಬಂತು?

ನನಗೆ ಇದಕ್ಕಿಂತ ಗಟ್ಟಿಯಾಗಿ ಕಂಡ ಕಾರಣ ಕುದುರೆಯನ್ನು ಬಿಟ್ಟು ಬೇರೆ ಪದಗಳನ್ನು ನೋಡಿದಾಗ ಸಿಕ್ಕಿತು. ಲೂವಿಯನ್ನಿನಲ್ಲಿ ನಾಯಿಗೆ ‘ತ್ಸುವನಿ’, ಸಂಸ್ಕೃತದಲ್ಲಿ ‘ಶ್ವಾನ’. ಕೊಂಬಿಗೆ ‘ತ್ಸುರ್ನಿ’, ಇಲ್ಲಿ ‘ಶೃಂಗ’. ಮಲಗಿದ್ದಾನೆ ಅನ್ನಲು ‘ತ್ಸಿಯಾರಿ’, ಇಲ್ಲಿ ‘ಶೇತೇ’. ‘ಇದು’ ಅನ್ನಲು ಲೂವಿಯನ್ನರು ‘ತ್ಸಾ’ ಅನ್ನುತ್ತಿದ್ದರು, ಹಿಟ್ಟೈಟರು ‘ಕಾ’. ಕುದುರೆ ತಂದವರಿಂದ ಕುದುರೆಯ ಹೆಸರು ಪಡೆಯಬಹುದು ನಿಜ. ‘ಇದು’, ‘ಮಲಗು’, ‘ಕೊಂಬು’ ಇಂಥವನ್ನೂ ಸಾಲ ತರುತ್ತಾರಾ? ಸಂಸ್ಕೃತ, ಲೂವಿಯನ್, ಹಿಟ್ಟೈಟ್ ಎಲ್ಲವೂ ಒಂದೇ ಹಳೆಯ ಮೂಲ ಭಾಷೆಯಿಂದ ಕವಲೊಡೆದವು. ಆ ಮೂಲ ಭಾಷೆಯ ಒಂದು ಬಗೆಯ ‘ಕ’, ನಾಲಿಗೆಯನ್ನು ಮುಂದಕ್ಕೆ ಒತ್ತಿ ‘ಕ್ಯ’ದ ಹಾಗೆ ಹೇಳುವಂಥದ್ದು, ಲೂವಿಯನ್ನಿನಲ್ಲಿ ತಾನಾಗಿಯೇ ‘ತ್ಸ’ ಆಗಿದೆ, ಸಂಸ್ಕೃತದಲ್ಲಿ ‘ಶ’ ಆಗಿದೆ. ಇನ್ನೂ ಒಂದು ವಿಷಯ ಇದೆ. ತುಟಿ ದುಂಡಗೆ ಮಾಡಿ ಹೇಳುವ ‘ಕ್ವ’ ಸಂಸ್ಕೃತದಲ್ಲಿ ಮಾಮೂಲಿ ‘ಕ’ದ ಜೊತೆ ಬೆರೆತುಹೋಯಿತು, ‘ಯಾರು’ ಎನ್ನಲು ‘ಕಃ’. ಲೂವಿಯನ್ನಿನಲ್ಲಿ ಅದು ‘ಕುಇಸ್’, ತುಟಿಯ ದುಂಡು ಹಾಗೆಯೇ ಉಳಿದಿದೆ. ಹೀಗೆ ಮೂರು ಬಗೆಯ ‘ಕ’ವನ್ನೂ ಲೂವಿಯನ್ ಬೇರೆಬೇರೆಯಾಗಿ ಇಟ್ಟುಕೊಂಡಿದೆ ಎಂದು ಭಾಷಾವಿಜ್ಞಾನಿ ಕ್ರೇಗ್ ಮೆಲ್ಚರ್ಟ್ 1987ರಲ್ಲಿ ತೋರಿಸಿದರು. ಅಂದರೆ ಲೂವಿಯನ್ ನಡೆದದ್ದು ತನ್ನದೇ ದಾರಿಯಲ್ಲಿ. ‘ಅತ್ಸುವ’ ಮತ್ತು ‘ಅಶ್ವ’ ದಾಯಾದಿಗಳು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದಲ್ಲ.

ಕನ್ನಡದವರಿಗೆ ಇದು ಹೊಸ ಅನುಭವ ಏನಲ್ಲ. ನಾವು ‘ಕಿವಿ’ ಅನ್ನುತ್ತೇವೆ, ತುಳುವಿನಲ್ಲಿ ‘ಕೆಬಿ’, ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲೂ ‘ಚೆವಿ’. ತೆಲುಗಿನವರು ತಮಿಳಿನಿಂದ ಕಿವಿ ಸಾಲ ತಂದರು ಎಂದು ಯಾರಾದರೂ ಹೇಳುತ್ತಾರಾ? ಗಿಳಿಯನ್ನು ನೋಡಿ, ಎಲ್ಲ ಗೊತ್ತಾಗುತ್ತದೆ. ತಮಿಳಿನಲ್ಲಿ ಅದು ‘ಕಿಳಿ’ಯಾಗಿಯೇ ಉಳಿದಿದೆ, ತೆಲುಗಿನಲ್ಲಿ ‘ಚಿಲುಕ’ ಆಗಿದೆ. ಮುಂದೆ ‘ಳ’ದಂಥ ಅಕ್ಷರ ಇದ್ದರೆ ತಮಿಳು ‘ಕ’ವನ್ನು ಮುಟ್ಟಲಿಲ್ಲ, ತೆಲುಗು ಅಲ್ಲೂ ಬದಲಿಸಿತು. ಎರಡೂ ಭಾಷೆ ತಮ್ಮತಮ್ಮ ಪಾಡಿಗೆ ‘ಕ’ವನ್ನು ‘ಚ’ ಮಾಡಿಕೊಂಡವು, ಕಿವಿಯ ಹತ್ತಿರ ಬಂದಾಗ ಇಬ್ಬರ ಪದ ಒಂದೇ ಆಯಿತು. ಅಶ್ವ–ಅತ್ಸುವ ಕತೆಯೂ ಇಷ್ಟೇ ಅಲ್ವಾ?

ಲೂವಿಯನ್ನಿಗೆ ಹತ್ತಿರದ ಲಿಸಿಯನ್ ಭಾಷೆಯಲ್ಲಿ ಕುದುರೆಗೆ ‘ಎಸ್ಬೆ’ ಎಂಬ ಪದ ಇದೆ. ‘ತ್ಸ’ ಅಲ್ಲಿ ‘ಸ’ ಆಗಿ, ‘ವ’ ಹೋಗಿ ‘ಬ’ ಬಂದಿದೆ. ಈ ಪದ ಇಬ್ಬರೂ ಬೇರೆಯಾಗುವ ಮುಂಚೆಯೇ ಮನೆಯಲ್ಲಿತ್ತು ಅನ್ನುವುದಕ್ಕೆ ಇದೂ ಒಂದು ಆಧಾರ. ಮಿತ್ತನಿ ವಾದ ಇದರಿಂದ ಇನ್ನಷ್ಟು ಸೊರಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಬೇರೆ ಅಭಿಪ್ರಾಯ ಇದ್ದವರು ದಯವಿಟ್ಟು ಬರೆಯಿರಿ.

ಈಗ ನನ್ನ ಕೇಳಿಕೆ. ಈ ಪದವನ್ನು ಕನ್ನಡದಲ್ಲಿ ಹೇಗೆ ಬರೆಯುವುದು? ರೋಮನ್ ಲಿಪಿಯ ಬರವಣಿಗೆ (azuwa; ಇಲ್ಲಿ z ಅಂದರೆ ‘ತ್ಸ’) ನೋಡಿ ‘ಅಜುವ’ ಎಂದು ಬರೆದರೆ ಉಚ್ಚಾರ ಪೂರ್ತಿ ತಪ್ಪುತ್ತದೆ. ಮೇಲೆ ನಾನೇ ‘ಅಜತಿವದ’ ಎಂದು ಬರೆದೆ, ರೂಢಿಯಲ್ಲಿರುವ ಹೆಸರು ಎಂದು ಹಾಗೇ ಬಿಟ್ಟೆ. ‘ಅತ್ಸುವ’ ಎಂದರೆ ಎರಡು ಅಕ್ಷರದ ಒತ್ತಿನ ಹಾಗೆ ಕಾಣುತ್ತದೆ, ಆದರೆ ಅದು ಒಂದೇ ಧ್ವನಿ, ಮರಾಠಿಯ ‘ಚಾಂಗಲಾ’ದ ಮೊದಲ ಅಕ್ಷರದಂಥದ್ದು. ತೆಲುಗಿನಲ್ಲಿ ಇದಕ್ಕೆ ಬೇರೆ ಅಕ್ಷರವೇ ಇದೆ. ಬೆಳಗಾವಿ, ಬೀದರ್ ಕಡೆಯವರು ಮರಾಠಿ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಈ ಧ್ವನಿಗೆ ಏನು ಹಾಕುತ್ತೀರಿ? ‘ಚ’ದ ಕೆಳಗೆ ಚುಕ್ಕೆ ಇಡುವ ರೂಢಿ ಎಲ್ಲಾದರೂ ಇದೆಯಾ?