ಚರ್ಚಿನ ಅಯ್ಯನವರ (ಪಾಸ್ಟರ್) ಬಗ್ಗೆ ಸಿಬ್ಬಂದಿ ಯಾಕೆ ಬಾಯಿ ಬಿಡುವುದಿಲ್ಲ? ಗುಂಪಿನಲ್ಲಿ ಲಾಯರ್ ಮೇಡಂಗೆ ಪ್ರಶ್ನೆಗಳು

ಸದಸ್ಯೆ, ಕೆಜಿಎಫ್: ಮೇಡಂ, ನಾನು ನಮ್ಮ ಸಭೆಯ, ಅಂದರೆ ಚರ್ಚಿನ, ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಅಯ್ಯನವರು ಖಾಲಿ ವೋಚರ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಮೊತ್ತ ಕೇಳಿದರೆ ಎಲ್ಲರ ಮುಂದೆ ಬೈಯುತ್ತಾರೆ. ಉಪದೇಶಿಗೆ (ಅಯ್ಯನವರ ಸಹಾಯಕ ಬೋಧಕರಿಗೆ), ವಾಚ್‌ಮನ್‌ಗೆ ಎಲ್ಲಾ ಗೊತ್ತು. ಯಾರೂ ಮಾತಾಡುವುದಿಲ್ಲ. ನಮ್ಮ ಮನೆ ಕಾಂಪೌಂಡಿನ ಕ್ವಾರ್ಟರ್ಸ್‌ನಲ್ಲೇ ಇದೆ.

ಲಾಯರ್ ಮೇಡಂ, ಕೋಲಾರ: ಅಮ್ಮಾ, ಓದಿ ಚಿಂತೆಯಾಯಿತು. ಅವರು ಸುಮ್ಮನಿರುವುದು ಹೇಡಿತನದಿಂದಲ್ಲ. ಸಂಬಳ ಕೊಡುವವರು ಅಯ್ಯನವರು. ಮನೆ ಇರುವುದು ಅವರ ಮಾತಿನ ಮೇಲೆ. ಮಗಳ ಮದುವೆ ನಡೆಸುವವರು, ಬೇರೆ ಸಭೆಗೆ ಹೋಗಲು ಪತ್ರ ಕೊಡುವವರು ಅವರೇ. ನೇಮಕದ ಪತ್ರ ಯಾರ ಹತ್ತಿರ ಇದೆ ಕೇಳಿ ನೋಡಿ. ಬಾಯಿ ಬಿಟ್ಟರೆ ಎಲ್ಲಾ ಒಂದೇ ದಿನ ಹೋಗುತ್ತದೆ ಅನ್ನುವ ಭಯ ಅದು.

ಆದರೆ ನಾಳೆ ಲೆಕ್ಕ ತಪ್ಪಿದರೆ ವೋಚರ್ ಮೇಲೆ ಕಾಣುವುದು ನಿಮ್ಮ ಸಹಿ. ಇವತ್ತಿನಿಂದ ಖಾಲಿ ವೋಚರ್‌ಗೆ ಸಹಿ ಬೇಡ. ಬಲವಂತ ಮಾಡಿದರೆ ಸಹಿಯ ಪಕ್ಕದಲ್ಲೇ "ಮೊತ್ತ ಬರೆದಿರಲಿಲ್ಲ" ಎಂದು ತಾರೀಕು ಹಾಕಿ ಬರೆಯಿರಿ, ಫೋಟೋ ತೆಗೆಯಿರಿ. ಹಿಂದಿನದು ನೆನಪಿದ್ದಷ್ಟು ಒಂದು ನೋಟ್‌ಬುಕ್‌ನಲ್ಲಿ ಬರೆದು ತವರಿನಲ್ಲಿಡಿ, ಕ್ವಾರ್ಟರ್ಸ್‌ನಲ್ಲಿ ಬೇಡ. ಕಮಿಟಿಗೆ, ಖಜಾಂಚಿಗೆ ಪತ್ರ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಹೋಗುವಾಗ ಜೊತೆಗೆ ಒಬ್ಬರಿರಲಿ.

ಕೆಲಸದ ಜೊತೆ ಬಂದ ಮನೆಯಾದರೆ ಕೆಲಸ ಬಿಟ್ಟ ಮೇಲೆ ಖಾಲಿ ಮಾಡಬೇಕಾಗಬಹುದು. ಆದರೆ ರಾತ್ರೋರಾತ್ರಿ ಸಾಮಾನು ಹೊರಗೆ ಹಾಕುವ ಹಕ್ಕು ಯಾರಿಗೂ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ಸದಸ್ಯ, ಬಂಗಾರಪೇಟೆ: ಫಾರ್ವರ್ಡ್ ಬಂದದ್ದು. "ಅಭಿಷಿಕ್ತರನ್ನು (ದೇವರು ಆರಿಸಿದ ಸೇವಕರನ್ನು) ದೂರಿದವರ ಮನೆ ಉಳಿಯದು. ಉಪವಾಸ ಮಾಡಿ, ಯಾರಿಗೂ ಹೇಳಬೇಡಿ, ಹತ್ತು ಜನಕ್ಕೆ ಕಳಿಸಿ."

ಲಾಯರ್ ಮೇಡಂ: ಬ್ರದರ್, ಉಪವಾಸ ಮಾಡಿ, ಬೇಡ ಅನ್ನುವುದಿಲ್ಲ. "ಯಾರಿಗೂ ಹೇಳಬೇಡಿ" ಅನ್ನುವುದನ್ನು ಹರಡಬೇಡಿ. ಉದಾಹರಣೆಗೆ, ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಲ್ಲಿ 3 ತಿಂಗಳೊಳಗೆ ದೂರು ಕೊಡಬೇಕು. ತಡವಾದರೆ ದೂರು ಕೇಳುವ ಸಮಿತಿ ಇನ್ನೂ 3 ತಿಂಗಳು ಕೊಡಬಹುದು, ಅಷ್ಟೇ. ಇಂಥ ಮೆಸೇಜ್ ನಂಬಿ ಕೂತರೆ ಗಡುವು ಮುಗಿದುಹೋಗುತ್ತದೆ.

ಸದಸ್ಯೆ, ಮುಳಬಾಗಿಲು: ನಮ್ಮ ಸಭೆಯಲ್ಲಿ ಕೆಲಸ ಮಾಡುವವರೇ ನಾಲ್ಕು ಜನ. ದೂರು ಎಲ್ಲಿ ಕೊಡಬೇಕು?

ಲಾಯರ್ ಮೇಡಂ: ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ.

ಸದಸ್ಯ, ಮಾಲೂರು: ಬೈಬಲ್ ಪ್ರಕಾರ ಇಬ್ಬರು ಮೂವರು ಸಾಕ್ಷಿ ಇಲ್ಲದೆ ಸಭೆಯ ಹಿರಿಯನ ಮೇಲೆ ದೂರು ತಗೋಬಾರದು. 1 ತಿಮೊಥೆಯ 5:19.

ಸದಸ್ಯೆ, ಶ್ರೀನಿವಾಸಪುರ: 20ನೇ ವಚನ ಯಾಕೆ ಬಿಟ್ಟಿರಿ? ಪಾಪ ಮಾಡುವವರನ್ನು ಎಲ್ಲರ ಮುಂದೆ ಗದರಿಸು ಅಂತಲೇ ಇದೆ. ಕೀರ್ತನೆ 105ರಲ್ಲಿ ಅಭಿಷಿಕ್ತರನ್ನು ಮುಟ್ಟಬೇಡಿ ಎಂದದ್ದು ಅರಸರಿಗೆ, ಅಬ್ರಹಾಮ, ಇಸಾಕ, ಯಾಕೋಬರ ಸಲುವಾಗಿ. ಲೆಕ್ಕ ಕೇಳಬೇಡಿ ಅಂತ ಅಲ್ಲ.

ಸದಸ್ಯ, ಮಾಲೂರು: ಸಭೆಯ ಮಾನ ಬೀದಿಗೆ ತರಬೇಡಿ.

ಸದಸ್ಯೆ, ಶ್ರೀನಿವಾಸಪುರ: ಕೆಜಿಎಫ್‌ನ ಆ ಹೆಂಗಸಿನ ಮಾನ ನಿಮಗೆ ಲೆಕ್ಕಕ್ಕಿಲ್ಲ, ಅಲ್ವಾ?



ಸದಸ್ಯ, ಬಂಗಾರಪೇಟೆ: ಸಂಡೇಸ್ಕೂಲ್ ಮಗುವಿನ ವಿಷಯವಾದರೂ ಒಳಗೇ ಸರಿಮಾಡಿಕೊಳ್ಳಬಹುದಲ್ವಾ?

ಲಾಯರ್ ಮೇಡಂ: ಆಗುವುದಿಲ್ಲ! 18ರೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಿದ್ದೂ ಪೊಲೀಸರಿಗೆ ಹೇಳದಿದ್ದರೆ, ಮಕ್ಕಳನ್ನು ರಕ್ಷಿಸುವ ಪೋಕ್ಸೋ ಕಾಯ್ದೆಯ ಪ್ರಕಾರ ಹಾಗೆ ಮುಚ್ಚಿಡುವುದೇ ಒಂದು ಅಪರಾಧ. ಕಮಿಟಿ ಕೂರಿಸಿ ರಾಜಿ ಮಾಡುವ ಮಾತೇ ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಸದಸ್ಯ, ಚಿಂತಾಮಣಿ: ದೂರು ಎಲ್ಲಿ ಕೊಡಬೇಕು ಮೇಡಂ?

ಲಾಯರ್ ಮೇಡಂ: ಮೇಲೆ ಬರೆದಿದ್ದೇನೆ. ಓದಿ.

ಸದಸ್ಯ, ಮಾಲೂರು: ಹೊರಗಿನವರಿಗೆ ಸಭೆಯ ವಿಷಯ ಏನು ಗೊತ್ತು?

ಲಾಯರ್ ಮೇಡಂ: ನಿಮಗೆ ಉತ್ತರ ಕೊಡಲು ನನಗೆ ಪುರುಸೊತ್ತಿಲ್ಲ. ಕೆಜಿಎಫ್ ಅಮ್ಮಾ, ನಿಮ್ಮ ಮೊದಲ ಮೆಸೇಜ್ ಅಳಿಸಿ. ನಿಮ್ಮ ಸಭೆಯವರೂ ಈ ಗುಂಪಿನಲ್ಲಿ ಇರಬಹುದು. ಇನ್ನು ಏನಿದ್ದರೂ ನನಗೇ ಫೋನ್ ಮಾಡಿ.