ನೀಲಿ ಬಣ್ಣದ ಕೌಂಟಿಯಲ್ಲಿ ಹೊಳೆ ದಂಡೆಯ ಮನೆ

ಸುಮಕ್ಕ: (ನಕ್ಷೆಯ ಚಿತ್ರ, ಹಲವು ಬಾರಿ ಫಾರ್ವರ್ಡ್ ಆದದ್ದು) ಕಾರ್ತಿಕ್ ಟೆಕ್ಸಾಸ್‌ನಲ್ಲಿ ಮನೆ ನೋಡಿರುವ ಕೌಂಟಿ (ನಮ್ಮ ಜಿಲ್ಲೆಯಂತೆ) ಇಲ್ಲಿ ನೀಲಿಯಾಗಿದೆ, ಅಂದರೆ ಅಪಾಯ ತೀರಾ ಕಡಿಮೆ. ಹೊಳೆ ಪಕ್ಕ ಬೇಡವೆಂದು ಅವನನ್ನು ಹೆದರಿಸಿದವರೆಲ್ಲ ದಯವಿಟ್ಟು ನೋಡಬೇಕು.

ಗಿರೀಶಣ್ಣ: ಈ ನಕ್ಷೆಯನ್ನು ಮಾಡಿದವರು ಯಾರು, ಯಾವ ಲೆಕ್ಕದ ಮೇಲೆ ಬಣ್ಣ ಹಾಕಿದ್ದಾರೆ ಎಂಬುದನ್ನು ಮೊದಲು ತಿಳಿಸು.

ದೊಡ್ಡಪ್ಪ: ನೀರಿನ ದಾರಿಯಲ್ಲಿ ಮನೆ ಮಾಡಬಾರದೆಂದು ತಿಳಿಯಲು ನಕ್ಷೆ ಬೇಕಿಲ್ಲ. ಸುಮಾ, ನೀವು ಸೈಟು ಕೊಳ್ಳುವಾಗಲೂ ಕೆರೆಯಂಗಳ ಬೇಡವೆಂದು ಹೇಳಿದ್ದೆ. ಅಂದು ನನ್ನ ಮಾತು ಯಾರಿಗೂ ಹಿಡಿಸಲಿಲ್ಲ.

ಸುಮಕ್ಕ: ದೊಡ್ಡಪ್ಪ, ಆ ಸೈಟಿಗೆ ಇದುವರೆಗೆ ಒಂದು ಹನಿ ನೀರು ನುಗ್ಗಿಲ್ಲ. ಪ್ರತಿ ಚರ್ಚೆಯಲ್ಲೂ ಅದನ್ನೇ ಎತ್ತಿದರೆ ನನಗೆ ಬೇಸರವಾಗುತ್ತದೆ.

ನಾನು: ಅಕ್ಕ, ಇದು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ರಾಷ್ಟ್ರೀಯ ಅಪಾಯ ಸೂಚ್ಯಂಕ. ಪ್ರಕೃತಿ ವಿಕೋಪಗಳಿಂದ ವರ್ಷಕ್ಕೆ ಸರಾಸರಿ ಎಷ್ಟು ಡಾಲರ್ ನಷ್ಟವಾದೀತೆಂದು ಅಂದಾಜಿಸಿ, ಅಲ್ಲಿನ ಜನರ ಅಸಹಾಯಕತೆಯನ್ನೂ ಚೇತರಿಸಿಕೊಳ್ಳುವ ಶಕ್ತಿಯನ್ನೂ ಲೆಕ್ಕಕ್ಕೆ ಹಿಡಿದು, ಉಳಿದ ಕೌಂಟಿಗಳೊಡನೆ ಹೋಲಿಸಿ ದರ್ಜೆ ಕೊಡುತ್ತಾರೆ. ಮನೆಗಳೇ ವಿರಳವಾಗಿರುವ ಹಳ್ಳಿಗಾಡಿನ ಕೌಂಟಿಯಲ್ಲಿ ಕೊಚ್ಚಿಹೋಗಬಹುದಾದ ಆಸ್ತಿ ಕಡಿಮೆ, ಆದ್ದರಿಂದ ಒಟ್ಟು ನಷ್ಟದ ಅಂದಾಜೂ ಕಡಿಮೆ. ಹೊಳೆಗೆ ಅಂಟಿಕೊಂಡ ಒಂದು ಮನೆಯ ಪಾಡೇನು ಎಂಬುದನ್ನು ಕೌಂಟಿ ಮಟ್ಟದ ಈ ಬಣ್ಣ ಹೇಳುವುದಿಲ್ಲ.

ಗಿರೀಶಣ್ಣ: ಮೂಲ ಕೇಳಿದ್ದಕ್ಕೇ ಇಷ್ಟು ವಿವರ ಹೊರಬಂತು. ಆದರೂ ಈ ಗುಂಪಿನಲ್ಲಿ ಜಗಳಗಂಟನೆಂಬ ಹೆಸರು ನನಗೇ.

ನಾನು: ಅಣ್ಣ, ನೀನು ಕೇಳಿದ್ದು ಸರಿಯಾಗಿಯೇ ಇದೆ. ನನಗೆ ದಿಗಿಲಾಗಿರುವುದು ಬೇರೆ ಕಾರಣಕ್ಕೆ. ಕಾರ್ತಿಕ್ ಮನೆ ನೋಡಿರುವ ಟೆಕ್ಸಾಸ್‌ನ ಆ ಗುಡ್ಡನಾಡಿನಲ್ಲಿ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣಿದೆ. ಬಿದ್ದ ಮಳೆ ಇಂಗದೆ ನೇರವಾಗಿ ಹೊಳೆಗೆ ನುಗ್ಗುತ್ತದೆ. 2025ರ ಜುಲೈ 4ರ ನಸುಕಿನಲ್ಲಿ ಕೆರ್ ಕೌಂಟಿಯ ಗ್ವಾಡಲೂಪೆ ನದಿ ಸುಮಾರು 45 ನಿಮಿಷಗಳಲ್ಲಿ 26 ಅಡಿಯಷ್ಟು ಏರಿತು. ಆ ಒಂದೇ ಕೌಂಟಿಯಲ್ಲಿ 100ಕ್ಕೂ ಹೆಚ್ಚು ಮಂದಿ ಸತ್ತರು. ಹವಾಮಾನ ಇಲಾಖೆಯ ದಿಢೀರ್ ಪ್ರವಾಹದ ಎಚ್ಚರಿಕೆ ಹೊರಟಾಗ ರಾತ್ರಿ ಒಂದು ಗಂಟೆ ದಾಟಿತ್ತು, ಜನ ನಿದ್ದೆಯಲ್ಲಿದ್ದರು, ನದಿಯುದ್ದಕ್ಕೂ ಎಬ್ಬಿಸುವ ಸೈರನ್ ವ್ಯವಸ್ಥೆ ಅಲ್ಲಿರಲಿಲ್ಲ.

ಮಂಜು: ಅಜ್ಜನ ಮನೆಯ ಜಗುಲಿ ಕಂಬ ನೆನಪಾಯಿತು. ನೆರೆ ಬಂದು ಇಳಿದ ಮೇಲೆ ಅಜ್ಜ ನೀರು ಮುಟ್ಟಿದ ಮಟ್ಟಕ್ಕೆ ಉಳಿಯಿಂದ ಗೀರು ಹಾಕುತ್ತಿದ್ದರು. ಎಲ್ಲಕ್ಕೂ ಮೇಲಿನ ಗೀರು ನನ್ನ ಕೈಗೆ ಎಟುಕುತ್ತಿರಲಿಲ್ಲ. ಮನೆ ಪಾಲಾದ ಮೇಲೆ ಆ ಕಂಬ ಯಾರ ಪಾಲಿಗೆ ಹೋಯಿತು?

ದೊಡ್ಡಪ್ಪ: ಆ ಕಂಬವನ್ನು ಮಾರಿದ್ದು ನಾನಲ್ಲ. ಮಾರಿದವರು ಈ ಗುಂಪಿನಲ್ಲೇ ಇದ್ದಾರೆ, ಅವರೇ ಹೇಳಲಿ.

ನಾನು: ದೊಡ್ಡಪ್ಪ, ಕಂಬದ ವಿಚಾರ ಆಮೇಲೆ ಮಾತಾಡೋಣ. ಕಾರ್ತಿಕ್ ಹುಡುಕಬೇಕಾದದ್ದು ಅಂಥ ಗೀರನ್ನೇ. ಸಣ್ಣ ಹಳ್ಳಗಳ ಪಕ್ಕದಲ್ಲಿ ಫೆಮಾದ ಪ್ರವಾಹ ನಕ್ಷೆಯೂ ಎಲ್ಲ ಕಡೆ ವಿವರವಾಗಿಲ್ಲ, ಹಾಗಾಗಿ ಹಳೆಯ ನೆರೆಹೊರೆಯವರನ್ನು ವಿಚಾರಿಸಲೇಬೇಕು. ಆ ನಕ್ಷೆ ಹೇಳುವ ನೂರು ವರ್ಷದ ನೆರೆ ಎಂದರೆ ನೂರು ವರ್ಷಕ್ಕೊಮ್ಮೆ ಬರುವುದಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ಶೇ. 1. ಮೂವತ್ತು ವರ್ಷದ ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಸಾಮಾನ್ಯ ಮನೆ ವಿಮೆ ಅಲ್ಲಿ ಪ್ರವಾಹಕ್ಕೆ ಅನ್ವಯಿಸುವುದಿಲ್ಲ. ಬೇರೆಯಾಗಿ ಪ್ರವಾಹ ವಿಮೆ ಮಾಡಿಸಿದರೂ ಸರ್ಕಾರಿ ಯೋಜನೆಯಲ್ಲಿ ಅದು ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು.

ಸುಮಕ್ಕ: ನಾನು ಮಗನ ಒಳ್ಳೆಯದಕ್ಕೇ ಕಳಿಸಿದ್ದೆ. ಆದರೂ ಎಲ್ಲರೂ ನನ್ನ ಮೇಲೆಯೇ ಬೀಳುತ್ತೀರಿ.

ಕಾರ್ತಿಕ್: ಅಮ್ಮ, ಯಾರೂ ನಿನ್ನನ್ನು ಬೈದಿಲ್ಲ. ಮನೆಗೆ ಹಿಂದೆ ನೀರು ನುಗ್ಗಿತ್ತೇ ಎಂಬುದನ್ನು ಮಾರುವವರು ಬರೆದುಕೊಡಬೇಕೆಂದು ಟೆಕ್ಸಾಸ್‌ನಲ್ಲಿ ಕಾನೂನಿದೆ. ಅವರು ಕೊಟ್ಟ ನಮೂನೆಯಲ್ಲಿ ಆ ಕಲಂ ಖಾಲಿ ಇದೆ. ಅದನ್ನು ಭರ್ತಿ ಮಾಡಿ ಸಹಿ ಹಾಕುವವರೆಗೆ ಮುಂಗಡ ಕೊಡುವುದಿಲ್ಲವೆಂದು ಈಗಷ್ಟೇ ಏಜೆಂಟರಿಗೆ ಬರೆದಿದ್ದೇನೆ.